ಹಾಲ ಉಕ್ಕಿತು ನೋಡ!

ಹೋದ ವಾರ ನಮ್ಮ ಓಣಿಯ ವೈನಿಯೊಬ್ಬರು ಬಂದು, "ನಿಮ್ಮ ಮ್ಯಾಳಗಿ ಮ್ಯಾಲ ಗಿಣಿ ಪಂಜರ ಖಾಲಿ ಬಿದ್ದೈತಲ್ಲ, ಕೊಡ್ರಿ. ಮೊಮ್ಮಗ ಹಟ ಹಿಡದಾನ. ಎಲ್ಲೋ ಒಂದು ಮರಿ ಸಿಗತೈತಂತ" ಅಂದ್ರು. ಚಹಾ ಕೊಟ್ಟೆ, ಚೂಡಾ ಕೊಟ್ಟೆ, ಪಂಜರ ಮಾತ್ರ ಕೊಡಲಿಲ್ಲ. ಅವರಿಗೆ ಬ್ಯಾಸರಾತು. ಒಂದು ಹಳೇ ತಂತಿ ಪಂಜರಕ್ಕ ಇಷ್ಟ್ಯಾಕ ಜಿಪುಣತನ ಅಂತ ಅಂದುಕೊಂಡಿರಬೇಕು. ಕುಂತು ಹೇಳೂವಷ್ಟು ಪುರಸೊತ್ತು ಅವತ್ತು ಇಬ್ಬರಿಗೂ ಇರಲಿಲ್ಲ. ಅದಕ್ಕ ಇಲ್ಲಿ ಬರೀತೀನಿ. ಅವರೂ ಓದತಾರ, ನೀವೂ ಓದ್ರಿ.

ನಾನು ಗಿಣಿ ಸಾಕೂ ಮಂದಿ ಮನ್ಯಾಗ ಹುಟ್ಟಿದಾಕಿ ಅಲ್ಲ, ಗಿಣಿ ಓಡಸೂ ಮಂದಿ ಮನ್ಯಾಗ ಹುಟ್ಟಿದಾಕಿ. ತವರುಮನಿ ಬಬಲೇಶ್ವರದ ಕಡೆ. ಬಿಳಿಜ್ವಾಳದ ತೆನಿ ಹಾಲುಗಾಳ ಆಗೂ ಹೊತ್ತಿಗೆ ಗಿಣಿ ಹಿಂಡ ಬಂದು ಇಳೀತಿದ್ವು. ಹೊಟ್ಟಿಗೆ ತಿಂದ್ರ ತಿನ್ನಲಿ ಅನಬಹುದು. ಆದ್ರ ಗಿಣಿ ತಿನ್ನೂದಕ್ಕಿಂತ ಕಡದು ಕೆಡವೂದ ಹೆಚ್ಚು. ಒಂದು ತೆನಿಯಾಗ ನಾಕು ಕಾಳು ತಿಂದು ಮುಂದಿನದಕ್ಕ ಹಾರತೈತಿ. ಅಪ್ಪ ಹೊಲದ ನಡುವ ಅಟ್ಟ ಕಟಗೊಂಡು ಕವಣಿ ಬೀಸತಿದ್ದ. ನಾವು ಹುಡುಗೂರು ಖಾಲಿ ಎಣ್ಣಿ ಡಬ್ಬಿ ಬಡಕೋತ ಗಂಟಲ ಹರಕೋತಿದ್ವಿ. ಈಗ ತಿಕೋಟಾ, ಬಬಲೇಶ್ವರದ ಕಡೆ ಎಷ್ಟೋ ಹೊಲದಾಗ ಜ್ವಾಳದ ಜಾಗಾದಾಗ ದ್ರಾಕ್ಷಿ ಬಂದೈತಿ, ಕವಣಿ ಜಾಗಾದಾಗ ಬಲಿ ಬಂದೈತಿ. ಗಿಣಿ ಮಾತ್ರ ಹಂಗ ಅದಾವು.

ಅಂಥಾಕಿ ನಾನು ಜಲನಗರದ ಮನ್ಯಾಗ ಹದಿನಾಕು ವರ್ಷ ಗಿಣಿಗೆ ತುತ್ತು ಮಾಡಿ ಉಣಿಸಿದೆ. ಒಮ್ಮೆ ಅಪ್ಪ ಮನಿಗೆ ಬಂದಾಗ ಪಂಜರದ ಮುಂದ ನಿಂತು ನೋಡಿ, "ಹೊಲದಾಗ ಹೊಡದು ಓಡಿಸಿದ್ದನ್ನ ಮನ್ಯಾಗ ಕೂಡಿಹಾಕಿ ಹಣ್ಣು ತಿನಸಾಕತ್ತೀಯಲ್ಲವಾ" ಅಂತ ನಕ್ಕಿದ್ದ.

ಅದು ಬಂದದ್ದು 2010ರ ಮಾರ್ಚದಾಗ. ಓಣಿಯಾಗಿನ ಹಳೇ ಬೇವಿನ ಗಿಡ ಕಡದ್ರು. ಗಿಣಿ ಗೂಡು ಕಟ್ಟೂ ಹಕ್ಕಿ ಅಲ್ಲ. ಗಿಡದ ಪೊಟರ್ಯಾಗ, ಹಳೇ ಗ್ವಾಡಿ ಸಂದ್ಯಾಗ ತತ್ತಿ ಇಡತೈತಿ. ನಮ್ಮ ಊರಾಗ ಬಾದಶಾಹಿ ಕಾಲದ ಗ್ವಾಡಿಗಳಿಗೆ ಬರ ಇಲ್ಲ ಅಂದಮ್ಯಾಲ ಗಿಣಿಗೂ ಬರ ಇಲ್ಲ. ಜನವರಿಯಿಂದ ಏಪ್ರಿಲ್ ತನಕ ಅವುಗಳ ಬಾಣಂತನ. ಇದೆಲ್ಲ ನಾನು ಆಮ್ಯಾಲ ತಿಳಕೊಂಡದ್ದು. ಅವತ್ತು ನಮಗ ಕಂಡದ್ದು ಬಿದ್ದ ದಿಮ್ಮಿಯ ಪೊಟರ್ಯಾಗ ನಾಕು ಮರಿ, ಅದರಾಗ ಒಂದಕ್ಕ ಜೀವ ಇತ್ತು. ಏಳನೇತ್ತೆ ಓದೂ ನನ್ನ ಮಗ ಅದನ್ನ ಕರ್ಚಿಫಿನ್ಯಾಗ ಸುತಗೊಂಡು ಬಂದ. ಮೈಮ್ಯಾಲ ನೆಟ್ಟಗ ಗರಿ ಇಲ್ಲ. ನೋಡಾಕ ಥೇಟ್ ಸುಟ್ಟ ಬದನಿಕಾಯಿ.

ಅತ್ತಿಯವರು ಮೊದಲು ಬೈದ್ರು. "ಮನ್ಯಾಗ ತಿನ್ನೂ ಬಾಯಿ ಕಡಿಮಿ ಆಗ್ಯಾವೇನು?" ರಾತ್ರಿ ಹತ್ತಕ್ಕ ನೋಡತೀನಿ, ಅದು ಅವರ ಸೆರಗಿನ್ಯಾಗ ಮಲಗೇತಿ. ಪುಟಾಣಿ ಹಿಟ್ಟು ಬೆಚ್ಚಗಿನ ನೀರಾಗ ಕಲಿಸಿ, ಬತ್ತಿಯಿಂದ ಬಾಯಾಗ ಬಿಡೂದು. ಎರಡು ತಾಸಿಗೊಮ್ಮೆ. ನನ್ನ ಎರಡೂ ಮಕ್ಕಳ ಬಾಣಂತನದಾಗ ರಾತ್ರಿ ಎದ್ದು ಕೂಡದ ಅತ್ತಿ ಗಿಣಿಗೆ ಎದ್ದು ಕುಂತ್ರು. ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ.

ಅವತ್ತು ನಳಾ ಬಂದಿತ್ತು. ಹೆಸರಿಗೆ ಜಲನಗರ ಆದ್ರೂ ಆಗ ನಮ್ಮ ಓಣಿಗೆ ನಳಾ ಬಂತಂದ್ರ ಹಬ್ಬ. ಅದಕ್ಕ ಅತ್ತಿ ಅದಕ್ಕ ಗಂಗವ್ವ ಅಂತ ಹೆಸರಿಟ್ರು. ಮೂರು ವರ್ಷ ಗಂಗವ್ವ ಗಂಗವ್ವನ ಆಗಿದ್ದಳು. 2013ರಾಗ ನೋಡತೀವಿ, ಗದ್ದದ ಕೆಳಗ ಕರೇ ಗಡ್ಡ, ಕೊಳ್ಳಾಗ ಗುಲಾಬಿ ಬಣ್ಣದ ದಾರ! ಈ ಜಾತಿಯಾಗ ಗಂಡಿಗಷ್ಟ ಆ ಪಟ್ಟಿ ಬರೂದು, ಅದೂ ಸುಮಾರು ಮೂರು ವರ್ಷ ತುಂಬಿದ ಮ್ಯಾಲ. ಅಲ್ಲಿತನಕ ಗಂಡು ಹೆಣ್ಣು ಎರಡೂ ಒಂದ ನಮೂನಿ ಹಸರು. ಮಗ ಹೊಟ್ಟಿ ಹಿಡಕೊಂಡು ನಕ್ಕ, "ಆಯೀ, ನಿನ್ನ ಗಂಗವ್ವಗ ಮೀಸಿ ಬಂದಾವ" ಅಂತ. ಅತ್ತಿ, "ಬರಲಿ ಬಿಡೋ. ಹೆಸರು ಒಮ್ಮೆ ಇಟ್ಟಮ್ಯಾಲ ಇಟ್ಟಂಗ" ಅಂದ್ರು. ಕಡೀತನಕ ಅದು ಗಂಗವ್ವನ. ನಾನೂ ಅಕಿ ಅಂತನ ಬರೀತೀನಿ.

ಮಾತು ಬರಲಿ ಅಂತ ಅತ್ತಿ ಕೂಸಿಗೆ ತಿಕ್ಕಿದಂಗ ಬಜಿ ತೇದು ಅದರ ನಾಲಗಿಗೆ ತಿಕ್ಕತಿದ್ರು. ಆಮ್ಯಾಲ ಪಶು ಆಸ್ಪತ್ರೆ ಡಾಕ್ಟರು ನಕ್ಕು ಹೇಳಿದ್ರು: ಗಿಣಿ ದನಿ ನಮ್ಮಂಗ ಗಂಟಲದಾಗಿಂದ ಬರೂದಿಲ್ಲ, ಎದಿ ಒಳಗ ಉಸರಿನ ನಳಿಗಿ ಎರಡಾಗಿ ಒಡಿಯೂ ಜಾಗಾದಾಗ ಅದರ ದನಿಪೆಟ್ಟಿಗಿ ಇರತೈತಿ, ಬಜಿಗೂ ಅದಕ್ಕೂ ಸಂಬಂಧ ಇಲ್ಲ ಅಂತ. ಹಸಿಮೆಣಸಿನಕಾಯಿ ತಿಂದ್ರ ನಾಲಗಿ ಚುರುಕು ಆಗತೈತಿ ಅನ್ನೂದೂ ಹಂಗ. ಹಕ್ಕಿಗೆ ಖಾರ ತಿಳಿಯೂದ ಇಲ್ಲ. ನಾವು ಕಣ್ಣಾಗ ನೀರು ತಂದುಕೊಂಡು ತಿನ್ನೂ ಜವಾರಿ ಮೆಣಸಿನಕಾಯಿ ಅದಕ್ಕ ಸವತಿಕಾಯಿ ಇದ್ದಂಗ.

ಬಜಿಯಿಂದ ಅಲ್ಲ, ಅತ್ತಿಯ ಬಾಯಿಯಿಂದ ಮಾತು ಬಂತು. ನಮ್ಮ ಅತ್ತಿ ಪಡಸಾಲ್ಯಾಗ ಕುಂತಲ್ಲಿಂದ ಇಡೀ ಮನಿ ನಡಸತಿದ್ರು. ಗ್ಯಾಸಿನ ಮ್ಯಾಲ ಹಾಲಿಟ್ಟು ನಾನು ಹಿತ್ತಲಕ್ಕ ಹೋದ್ರ ಸಾಕು, "ಏ ಹುಡುಗೀ, ಹಾಲ ಉಕ್ಕಿತು ನೋಡ!" ಅಂತ ಒದರತಿದ್ರು. ಉಕ್ಕಿರತಿರಲಿಲ್ಲ. ಹತ್ತರಾಗ ಒಂಬತ್ತು ಸಲ ಉಕ್ಕಿರತಿರಲಿಲ್ಲ. ಹತ್ತೊಂಬತ್ತರಾಗ ಸೊಸಿಯಾಗಿ ಬಂದಾಗ ಹುಡುಗಿ ಅಂದದ್ದು ಸರಿ. ಮಗಳ ಮದುವಿ ಹೊತ್ತಿಗೂ ನಾನು ಹುಡುಗೀನ. ಬಂದ ಮಂದಿ ಮುಂದ ಹಂಗ ಕರದ್ರ ನನಗ ಮೈಯೆಲ್ಲ ಉರೀತಿತ್ತು. ಗಂಗವ್ವ ಮೊಟ್ಟಮೊದಲು ಕಲತ ಮಾತು ಅದ. ದನಿ ಎಷ್ಟು ಅತ್ತಿದಿತ್ತು ಅಂದ್ರ, ಕಡೀಗೆ "ಡ" ಎಳೆಯೂದೂ ಹಂಗ. ಅಲ್ಲಿಂದ ನನಗ ಇಬ್ಬರು ಅತ್ತೇರು.

ಕುಕ್ಕರಿನ ಸೀಟಿ ಹೊಡೀತಿದ್ದಳು. ಮೂರು ಸೀಟಿಗೆ ಆರಿಸಬೇಕು ಅಂತ ಇಟ್ಟ ಬ್ಯಾಳಿ ಎರಡು ಕುಕ್ಕರಿನವು ಒಂದು ಗಂಗವ್ವಂದು ಆಗಿ ಅರ್ಧ ಬೆಂದಿರತಿತ್ತು. ಕಾಯಿಪಲ್ಲೆ ಗಾಡಿಯವನಂಗ "ಮೆಂತೇ... ರಾಜಗಿರೀ..." ಅಂದ್ರ ಆಜುಬಾಜು ಮನಿಯವರು ಬುಟ್ಟಿ ಹಿಡಕೊಂಡು ಹೊರಗ ಬರತಿದ್ರು. ಇನ್ನ ಬಾಗಲಕ್ಕ ಬಂದ ಸಾಮಾನು ಮಾರಾವರಿಗೆ ಅತ್ತಿ ಹೇಳೂ ಮಾತು ಒಂದಿತ್ತು: "ಮನ್ಯಾಗ ಯಾರೂ ಇಲ್ಲ, ಮುಂದ ಹೋಗ್ರಿ." ಮಗಳನ್ನ ನೋಡಾಕ ಬೀಗರು ಬಂದ ದಿನ ಪಡಸಾಲ್ಯಾಗ ಎಲ್ಲಾರೂ ಗಂಭೀರ ಆಗಿ ಕುಂತಾರ, ಹುಡುಗಿ ಅವಲಕ್ಕಿ ತಾಟು ಹಿಡಕೊಂಡು ಬಂದಾಳ, ಗಂಗವ್ವ ಕೊಳ್ಳು ಉದ್ದ ಮಾಡಿ, "ಮನ್ಯಾಗ ಯಾರೂ ಇಲ್ಲ, ಮುಂದ ಹೋಗ್ರಿ" ಅಂದ್ಳು. ನಮ್ಮನಿಯವರ ಮಾರಿ ಸುಣ್ಣ ಆತು. ಬೀಗತಿ ನಕ್ಕದ್ದು ನೋಡಬೇಕಿತ್ತು. ಆ ನಗು ನೋಡಿನ ಮಗಳು ಹ್ಞೂಂ ಅಂದದ್ದು, ಹುಡುಗನ್ನ ನೋಡಿ ಅಲ್ಲ ಅಂತ ಈಗೂ ಹೇಳತಾಳ.

ಇನ್ನೊಂದರ ಕಥಿ ಹೇಳಬೇಕು. ಅದು ಹೇಳದ ಈ ಬರಹ ಸುಳ್ಳಾಗತೈತಿ.

ಗಂಗವ್ವಗ ಜೋಡಿ ಬೇಕು ಅಂತ ನನ್ನ ತಲಿಯಾಗ ಹೊಕ್ಕಿತು. ಒಂದು ಸಂಕ್ರಮಣದ ಸಿದ್ಧೇಶ್ವರ ಜಾತ್ರಿ ಹೊತ್ತಿನ್ಯಾಗ, ಸಂದ್ಯಾಗ ಕದ್ದು ಮಾರೂ ಒಬ್ಬಾವನ ಕಡಿಂದ ಹೆಣ್ಣುಗಿಣಿ ತಂದ್ವಿ. ನಾನ ಜುಲುಮಿ ಮಾಡಿ ತರಸಿದೆ. ಚೀಲದಾಗಿಂದ ತಗದು ಕೊಟ್ಟ. ಮನಿಗೆ ತಂದು ನೋಡಿದ್ರ ಎರಡೂ ರೆಕ್ಕಿಯ ಉದ್ದ ಗರಿ ಕತ್ತರಿಯಿಂದ ಕಚ್ಚಕ್ಕ ಅನಿಸಿದ್ರು. ಹಾರಾಕ ಹೋಗಿ ಧಪ್ಪಂತ ಬೀಳತಿತ್ತು. ಅದು ಕಾಡಿನ ಹಕ್ಕಿ, ಮಂದಿ ಕಂಡ್ರ ಮೂಲ್ಯಾಗ ಹೊಕ್ಕು ಬುಸುಗುಡತಿತ್ತು. ಗಂಗವ್ವಗೂ ಅದಕ್ಕೂ ಕೂಡಿ ಬರಲಿಲ್ಲ, ಕೊಕ್ಕಿನಿಂದ ಕಾಲ ಕಡಿಕೋತಿದ್ವು. ಬ್ಯಾರೆ ಪಂಜರ ಮಾಡಿ ಅಡಗಿಮನಿ ಕಿಡಕಿಗೆ ತೂಗಹಾಕಿದೆ. ಒಂದು ವರ್ಷದ ಮ್ಯಾಲ ನನ್ನ ಕೈಯಾಗಿನ ಪೇರಲಹಣ್ಣು ತಿನ್ನೂವಷ್ಟು ಹೊಂದಿಕೊಂಡಿತು. ಗರಿ ಮತ್ತ ಬೆಳದಿದ್ವು.

ಒಂದು ಮಧ್ಯಾಹ್ನ ನಾನ್‌ಸ್ಟಿಕ್ ತವಾ ಗ್ಯಾಸಿನ ಮ್ಯಾಲ ಕಾಯಾಕಿಟ್ಟಿದ್ದೆ, ಮಗಳ ಫೋನು ಬಂತು. ಮಾತಾಡಕೋತ ಹೊರಗ ಹೋದೆ. ಖಾಲಿ ತವಾ, ದೊಡ್ಡ ಉರಿ. ವಾಪಸ್ ಬಂದು ನೋಡಿದ್ರ ಸಣ್ಣಗ ಹೊಗಿ, ವಾಸನಿನೂ ಭಾಳ ಇಲ್ಲ. ಪಂಜರದ ತಳದಾಗ ಅದು ಬಾಯಿ ತಕ್ಕೊಂಡು ತೇಕಾಕತ್ತಿತ್ತು. ಎತ್ತಿ ಅಂಗಳಕ್ಕ ಓಡಿದೆ. ಅಂಗೈಯಾಗ ಜೀವ ಬಿಟ್ಟಿತು. ಆ ತವಾದ ಮ್ಯಾಲಿನ ಲೇಪ ವಿಪರೀತ ಕಾದ್ರ ಒಂದು ನಮೂನಿ ವಿಷದ ಗಾಳಿ ಬಿಡತೈತಿ, ನಮಗ ಏನೂ ಅನಿಸದಿದ್ರೂ ಹಕ್ಕಿಯ ಪುಪ್ಪುಸ ಅದನ್ನ ತಡಕೊಳ್ಳೂದಿಲ್ಲ, ನಿಮಿಷದಾಗ ಹೋಗತಾವು ಅಂತ ಡಾಕ್ಟರ್ ಹೇಳಿದ್ರು. ಪಡಸಾಲ್ಯಾಗ ಇದ್ದದ್ದಕ್ಕ ಗಂಗವ್ವ ಉಳದಳು. ಮನ್ಯಾಗ ಲವ್ ಬರ್ಡ್ಸ್ ಇಟ್ಟ ಅಕ್ಕಾರು ಇದನ್ನ ಮರೀಬ್ಯಾಡ್ರಿ. ಬೆಣ್ಣಿಹಣ್ಣು, ಚಾಕಲೇಟೂ ಹಕ್ಕಿಗೆ ಕೊಡಬಾರದು. ಅವತ್ತಿನಿಂದ ನಮ್ಮನ್ಯಾಗ ಕಬ್ಬಿಣದ ಹಂಚು ಒಂದ. ಆ ಹಕ್ಕಿಗೆ ಹೆಸರು ಸುದ್ದಾ ಇಟ್ಟಿರಲಿಲ್ಲ ನಾನು. ಸೀತಾಫಲದ ಗಿಡದ ಬುಡಕ ಹುಗದ್ವಿ. ಗಿಡದ ಮ್ಯಾಲಿದ್ದದ್ದನ್ನ ರೊಕ್ಕ ಕೊಟ್ಟು ತಂದು ಗಿಡದ ಬುಡಕ ಹುಗದೆ ಅಂತ ಭಾಳ ದಿನ ಊಟ ಸೇರಲಿಲ್ಲ.

2019ರಾಗ ಅತ್ತಿ ಬಚ್ಚಲದಾಗ ಜಾರಿ ಬಿದ್ದು ಚಪ್ಪಿ ಎಲವು ಮುರಕೊಂಡ್ರು. ಪಡಸಾಲ್ಯಾಗ ಪಂಜರದ ಬಾಜೂಕ ಅವರ ಹಾಸಿಗಿ. ಎರಡು ವರ್ಷ ಅವರ ಲೋಕ ಅಷ್ಟ: ಮಂಚ, ಕಿಡಕಿ, ಗಂಗವ್ವ. ಬ್ಯಾಸಗಿಯಾಗ ನಮ್ಮ ಊರಿನ ಬಿಸಲು ನಿಮಗ ಗೊತ್ತ ಐತಿ, ನಲವತ್ತು ದಾಟಿ ಹೋಗತೈತಿ. ಗೋಣಿತಟ್ಟು ತೋಸಿ ಕಿಡಕಿಗೆ ಕಟ್ಟತಿದ್ದೆ, ಆ ಕಡೆ ಗಂಗವ್ವಗ, ಈ ಕಡೆ ಅತ್ತಿಗೆ. ಲಾಕ್‌ಡೌನಿನ್ಯಾಗ ಯಾರೂ ಬರೂವಂಗಿಲ್ಲ, ಇಬ್ಬರೂ ದಿನಾಪೂರ್ತಿ ಮಾತಾಡಿಕೋತಿದ್ರು. ನಾನು ಒಳಗ ಹೋದ್ರ ಅತ್ತಿ ಸುಮ್ಮನಾಗತಿದ್ರು. ನನ್ನ ಮ್ಯಾಲ ಚಾಡಿ ಹೇಳತಾರ ಅಂತನ ಅಂದುಕೊಂಡಿದ್ದೆ.

2021ರ ಥಂಡಿ ದಿನದಾಗ ಅತ್ತಿ ಹೋದ್ರು. ಮೂರನೇ ದಿನ ನಸುಕಿನ್ಯಾಗ ಎದ್ದು ಹಾಲಿಟ್ಟೆ. "ಏ ಹುಡುಗೀ, ಹಾಲ ಉಕ್ಕಿತು ನೋಡ!" ಕೈಯಾಗಿನ ಪಾತ್ರಿ ಬಿತ್ತು. ನಮ್ಮನಿಯವರು ಅರ್ಧ ನಿದ್ದಿಯಾಗ "ಯವ್ವಾ" ಅಂತ ಓ ಕೊಟ್ಟು ಪಡಸಾಲಿಗೆ ಬಂದ್ರು. ಖಾಲಿ ಮಂಚ ನೋಡಿ ಅಲ್ಲೇ ಕುಂತ್ರು. ಮಣ್ಣಿನ್ಯಾಗ ಅಳದ ಮನಿಶ್ಯಾ ಅವತ್ತು ಅತ್ತರು. ಬಂದ ಮಂದಿ ಪಂಜರಕ್ಕ ಅರಿವಿ ಹೊಚ್ಚರಿ ಅಂದ್ರು. ಹೊಚ್ಚಿದೆ. ಸಂಜಿಮುಂದ ಅವರ ಎದ್ದು ಅರಿವಿ ತಗದ್ರು.

ಆಮ್ಯಾಲ ಒಂದು ಹೊಸ ಮಾತು ಕಿವಿಗೆ ಬೀಳಾಕ ಹತ್ತಿತು. ನಾನು ಸಂತಿಗೋ ಬ್ಯಾಂಕಿಗೋ ಹೋಗಿ ಬಂದು ಗೇಟಿನ ಚಿಲಕ ತಗದ್ರ, ಒಳಗಿಂದ ಅತ್ತಿ ದನಿಯಾಗ, ಆದ್ರ ಮೆತ್ತಗ: "ಬಂತು... ಹುಡುಗಿ ಬಂತು." ಈ ಮಾತು ಅತ್ತಿ ಬಾಯಾಗ ನಾನು ಒಮ್ಮೆಯೂ ಕೇಳಿರಲಿಲ್ಲ. ಬಾಜೂ ಮನಿ ಚಾಚಿ ಹೇಳಿದ್ರು, ನಾನು ಹೊರಗ ಹೋದಾಗೆಲ್ಲ ಅತ್ತಿ ಕಿಡಕಿ ಕಡೆ ಮಾರಿ ಮಾಡಿ, ಇನ್ನಾ ಬರಲಿಲ್ಲಲ್ಲ, ಇನ್ನಾ ಬರಲಿಲ್ಲಲ್ಲ ಅಂತ ಗಿಣಿಗೆ ಹೇಳಿಕೋತ ಇರತಿದ್ರಂತ. ಚಿಲಕ ಸಪ್ಪಳಾದ ಕೂಡಲೇ "ಬಂತು" ಅಂತ ಸುಮ್ಮನಾಗತಿದ್ರಂತ. ನಾನು ಒಳಗ ಕಾಲಿಟ್ರ ಮಾತ್ರ, "ಎಷ್ಟೊತ್ತು ಮಾಡಿದಿ, ಎಲ್ಲಿ ಕುಂತಿದ್ದಿ ಹರಟಿ ಹೊಡಕೋತ?" ಅಂತಿದ್ರು. ಗಿಣಿ ಅದನ್ನ ಕಲೀಲಿಲ್ಲ, ಇದನ್ನ ಕಲೀತು. ಎದ್ದು ನೀರು ತಗೋಳಾಕ ಆಗದ ಮುದಕಿ ಆಸರಿಗೆ ಕಾಯತಿದ್ರೋ, ನನಗ ಕಾಯತಿದ್ರೋ, ಅದನ್ನ ನಾನು ಇನ್ನ ಯಾರನ್ನ ಕೇಳಲಿ? ಗಂಗವ್ವನ್ನ ಕೇಳತಿದ್ದೆ. ಅಕಿ ಕುಕ್ಕರಿನ ಸೀಟಿ ಹೊಡೀತಿದ್ದಳು.

2023ರ ಏಪ್ರಿಲದಾಗ ಅಳಿಯ ಬಂದಾಗ ಕಾನೂನಿನ ಮಾತು ತಗದ. ನಮ್ಮ ದೇಶದ ಗಿಣಿ ಯಾವುದನ್ನೂ ಮನ್ಯಾಗ ಸಾಕೂವಂಗಿಲ್ಲ, 1972ರ ವನ್ಯಜೀವಿ ಕಾಯ್ದೆ ಐತಿ, ಮಾರೂದಂತೂ 1990-91ರಿಂದನ ಬಂದ್, ಈಗ ಕಾಯ್ದೆಗೆ ತಿದ್ದುಪಡಿ ಆಗಿ ಏಪ್ರಿಲ್ 1ರಿಂದ ಜಾರಿಗೆ ಬಂದೈತಿ, ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಅಂದ. ಪಂಜರದಾಗ ಮಾರಿದ್ದು ಕಣ್ಣಾರೆ ನೋಡಿದ್ವಿ, ಜಾತ್ರ್ಯಾಗ ಗಿಣಿಶಾಸ್ತ್ರದವರು ರಸ್ತೆದಾಗ ಕುಂತಿರತಿದ್ರು, ತಪ್ಪು ಅಂತ ನಮಗ ಯಾರೂ ಹೇಳಿರಲಿಲ್ಲ. ಆದ್ರ ರೆಕ್ಕಿ ಕತ್ತರಿಸಿದ್ದು ನೋಡಿದ ದಿನ ನನಗ ತಿಳೀಬೇಕಿತ್ತಲ್ಲ, ಅದಕ್ಕ ಕಾಯ್ದೆ ಯಾಕ ಬೇಕು? ಪರದೇಶದ ಹಕ್ಕಿಗಳದು ಬ್ಯಾರೆ ಲೆಕ್ಕ. ಲವ್ ಬರ್ಡ್ಸ್ ಆಫ್ರಿಕಾದವು, ಸಣ್ಣ ಬಜ್ರಿಗರ್ ಆಸ್ಟ್ರೇಲಿಯಾದವು, ಅವು ಈ ಪಟ್ಟಿಯಾಗ ಬರೂದಿಲ್ಲ.

ಬಿಟ್ಟುಬಿಡೂನು ಅಂತ ಮಾತಾತು. ಡಾಕ್ಟರನ್ನ ಕೇಳಿದ್ರ, "ಹದಿಮೂರು ವರ್ಷ ಪಂಜರದಾಗಿದ್ದದ್ದನ್ನ ಮ್ಯಾಳಗಿ ಮ್ಯಾಲಿಂದ ತೂರಿದ್ರ ಬಿಟ್ಟಂಗ ಅಲ್ರಿ, ಕೊಂದಂಗ. ಅದಕ್ಕ ಗಿಡಗ ಗೊತ್ತಿಲ್ಲ, ಬೆಕ್ಕು ಗೊತ್ತಿಲ್ಲ, ತನ್ನ ಕೂಳು ತಾ ಹುಡುಕೂದು ಗೊತ್ತಿಲ್ಲ. ಅರಣ್ಯ ಇಲಾಖೆಯವರಿಗೆ ಹೇಳಿ ಒಪ್ಪಸ್ರಿ. ಅಲ್ಲಿತನಕ ಖೋಲ್ಯಾಗ ಹಾರಾಕ ಬಿಟ್ಟು ರೆಕ್ಕಿಗೆ ಬಲ ಬರಲಿ" ಅಂದ್ರು. ಮುಂಜಾನೆ ಕಿಡಕಿ ಬಾಗಲ ಹಾಕಿ ಪಡಸಾಲ್ಯಾಗ ಬಿಡಾಕ ಶುರು ಮಾಡಿದೆ. ಮೊದಲು ಟೀವಿಗೆ ಬಡಕೊಂಡಳು, ಫ್ಯಾನಿಗೆ ಹಗ್ಗ ಕಟ್ಟಿದ್ವಿ. ತಿಂಗಳು ಎರಡು ತಿಂಗಳಿಗೆ ಈ ಗ್ವಾಡಿಯಿಂದ ಆ ಗ್ವಾಡಿಗೆ ಬಾಣದಂಗ ಹೋಗತಿದ್ದಳು.

ಇಲಾಖೆಗೆ ಫೋನ್ ಮಾಡೂದು ಮಾತ್ರ ಇವತ್ತಲ್ಲ ನಾಳೆ. ನಮ್ಮನಿಯವರಿಗೆ ದಂಡದ ಅಂಜಿಕಿ. ನನ್ನ ಅಂಜಿಕಿ ಬ್ಯಾರೆ ಇತ್ತು. ಪಂಚಮಿ ಆಗಲಿ ಅಂದೆ, ದೀಪಾವಳಿ ಆಗಲಿ ಅಂದೆ, ಅತ್ತಿಯ ವರ್ಷದ ದಿನ ಆಗಲಿ ಅಂದೆ. ಗೇಟಿನ ಚಿಲಕ ತಗದಾಗ ಆ ಎರಡು ಮಾತು ಕೇಳದ ಮನಿಯೊಳಗ ಹೆಂಗ ಹೋಗಲಿ? ಮೂವತ್ತು ವರ್ಷ ಯಾವ ದನಿ ಕೇಳಿದ್ರ ಹಲ್ಲ ಕಡೀತಿದ್ದೆನೋ ಆ ದನಿ ಸಲುವಾಗಿ ಒಂದು ಜೀವ ಪಂಜರದಾಗ ಇಟಗೊಂಡು ಕುಂತೆ. ವರ್ಷದ ಮ್ಯಾಲ ಹಂಗ ತಳ್ಳಿದೆ.

2024ರ ಶ್ರಾವಣದಾಗ ಒಂದು ಮುಂಜಾನೆ ಗಂಗವ್ವ ಪಡಸಾಲ್ಯಾಗ ಹಾರಾಡತಿದ್ದಳು. ಹಾಲಿನಾವ ಬಂದ. ಮರತು ಬಾಗಲ ತಗದೆ. ತಲಿ ಮ್ಯಾಲ ಗಾಳಿ ಬೀಸಿದಂಗಾತು, ಅಷ್ಟ.

ಎದುರು ಮನಿ ಬೇವಿನ ಗಿಡದ ತುದಿಗೆ ಕುಂತಳು. ಎರಡು ಕಾಗಿ ಬೆನ್ನು ಹತ್ತಿದ್ವು. ಅಲ್ಲಿಂದ ಹುಣಸಿಗಿಡಕ್ಕ, ಅಲ್ಲಿಂದ ಎಲ್ಲಿಗೋ. "ಗಂಗವ್ವಾ" ಅಂತ ಕರದೆ, ಅಕಿ ಆ ಹೆಸರಿಗೆ ಎಂದ ಓಗೊಟ್ಟಾಳ? ಅಕಿ ಓಗೊಡೂದು ಒಂದ ಮಾತಿಗೆ. ಏನು ಮಾಡಲಿ, ನೈಟಿ ಮ್ಯಾಲ ಟವೆಲ್ ಹೊಚಗೊಂಡು, ಕೈಯಾಗ ಸಜ್ಜಿ ತೆನಿ ಹಿಡಕೊಂಡು, ಗಿಡ ಗಿಡದ ಕೆಳಗ ನಿಂತು ಒದರಾಕ ಶುರು ಮಾಡಿದೆ: "ಏ ಹುಡುಗೀ, ಹಾಲ ಉಕ್ಕಿತು ನೋಡ!" ಅತ್ತಿಯಂಗ, "ಡ" ಎಳದು. ಮುಂಜಾನೆ ಏಳೂವರಿ ಹೊತ್ತು. ಓಣಿಯಾಗ ಎಷ್ಟು ಮನಿ ಅಡಗಿಮನಿಗೆ ಹೆಣ್ಣುಮಕ್ಕಳು ಓಡಿದ್ರೋ ದೇವರಿಗೆ ಗೊತ್ತು. ಒಬ್ಬಾಕಿ ಸೌಟು ಹಿಡಕೊಂಡು ಹೊರಗ ಬಂದು, "ಅಕ್ಕಾರ, ನಮ್ಮ ಹಾಲು ಉಕ್ಕೂದು ನಿಮಗ ಅಲ್ಲಿಂದ ಹೆಂಗ ಕಾಣಿಸ್ತು?" ಅಂದ್ಳು. ನಗಬೇಕೋ ಅಳಬೇಕೋ. ಅಕ್ಕಮಹಾದೇವಿ ತಾಯಿ ಗಿಣಿ, ಕೋಗಿಲೆ, ದುಂಬಿ ಎಲ್ಲಾವನ್ನೂ ಕೇಳಿಕೋತ ಹೋದ್ಳಂತ, ನನ್ನ ಚೆನ್ನಮಲ್ಲಿಕಾರ್ಜುನನ್ನ ಕಂಡೀರೇನು ಅಂತ. ನಾನು ಗಿಣಿಯನ್ನ ಹುಡುಕಿಕೋತ ಹಾಲಿನ ಸುದ್ದಿ ಒದರಿಕೋತ ಹೋದೆ. ಚಾಚಿ ನನ್ನ ಜೋಡಿ ಬಂದು "ಮಿಠ್ಠೂ, ಮಿಠ್ಠೂ" ಅಂತ ಇನ್ನೊಂದು ಬಾಜೂದಿಂದ ಕರದ್ರು.

ಪೇಪರಿನ್ಯಾಗ ಹಾಕ್ರಿ ಅಂತ ಯಾರೋ ಅಂದ್ರು. 2022ರ ಜುಲೈದಾಗ ತುಮಕೂರಿನ ಜಯನಗರದ ಒಂದು ಮನಿಯವರು ತಮ್ಮ ರುಸ್ತುಮಾ ಅನ್ನೂ ಗಿಣಿ ಹಾರಿಹೋದಾಗ ಪೋಸ್ಟರ್ ಹಚ್ಚಿ ಐವತ್ತು ಸಾವಿರ ಬಹುಮಾನ ಅಂತ ಸಾರಿದ್ದು, ಕಡೀಗೆ ಹುಡುಕಿಕೊಟ್ಟಾವರಿಗೆ ಎಂಬತ್ತೈದು ಸಾವಿರ ಕೊಟ್ಟದ್ದು ಎಲ್ಲಾರಿಗೂ ನೆನಪಿತ್ತು. ಆದ್ರ ಅದು ಆಫ್ರಿಕಾದ ಬೂದಿಬಣ್ಣದ ಗಿಣಿ. ನಮ್ಮನಿಯವರು, "ನಾವು ಪೋಸ್ಟರ್ ಹಚ್ಚಿದ್ರ ಗಿಣಿಗಿಂತ ಮೊದಲು ಅರಣ್ಯ ಇಲಾಖೆ ಜೀಪು ಬರತೈತಿ" ಅಂದ್ರು. ಪರದೇಶದ ಹಕ್ಕಿ ಕಳಕೊಂಡವರು ಬಾಯಿ ಬಿಟ್ಟು ಅಳಬಹುದು. ನಮ್ಮ ಊರ ಗಿಡದ ಹಕ್ಕಿ ಕಳಕೊಂಡಾಕಿ ಬಾಯಿ ಮುಚಗೊಂಡು ಹುಡುಕಬೇಕು. ಅದು ಸರಿಯೂ ಐತಿ. ಅದು ನನ್ನದಾಗಿದ್ರಲ್ಲ ಕಳಕೊಳ್ಳಾಕ.

ಎರಡು ದಿನ ಮಳಿ ಜಿಟಿಜಿಟಿ ಹಿಡೀತು. ಸತ್ತಿರಬೇಕು ಅಂದುಕೊಂಡೆ. ಮೂರನೇ ದಿನ ಸಂಜಿಮುಂದ ಇಬ್ರಾಹಿಂ ರೋಜಾದ ಕಡೆ ಹೋಗಿದ್ದೆ. ಆ ಹೊತ್ತಿನ್ಯಾಗ ಗಿಣಿ ಹಿಂಡು ಕೀ ಕೀ ಅನಕೋತ ಬಂದು ದೊಡ್ಡ ಗಿಡಗಳಿಗೆ ಇಳೀತಾವು, ಜಾಗಾಕ್ಕ ಜಗಳಾಡತಾವು. ಅಷ್ಟು ಹಸರಿನ್ಯಾಗ ಯಾವುದಂತ ಗುರುತು ಹಿಡೀಲಿ? ಎಲ್ಲಾ ಗಂಡಿಗೂ ಕೊಳ್ಳಾಗ ಅದ ದಾರ. ಮಂದಿ ನೋಡತಾರ ಅಂತ ಸಣ್ಣ ದನಿ ಮಾಡಿ ಅಂದೆ, "ಏ ಹುಡುಗೀ..."

ಮ್ಯಾಲಿಂದ ಬಂತು: "ಹಾಲ ಉಕ್ಕಿತು ನೋಡ!"

ಅತ್ತಿದ ದನಿ. ಆಕಾಶದಾಗಿಂದ ಬಂದಂಗ. ಕಾಲ ಥರಥರ ಅಂದ್ವು, ಕಟ್ಟಿ ಮ್ಯಾಲ ಕುಂತೆ. ಸಜ್ಜಿ ತೆನಿ ಎತ್ತಿ ಹಿಡದೆ. ಕಂಡಳು, ನಡುವಿನ ಟೊಂಗಿ ಮ್ಯಾಲ, ಬಾಲದಾಗ ಒಂದು ಗರಿ ಮುರದಿತ್ತು. ನನ್ನ ಕಡೆ ತಲಿ ವಾರೆ ಮಾಡಿ ನೋಡಿದಳು, ಹಣ್ಣು ಕೊಡೂ ಮುಂದ ನೋಡತಿದ್ದಳಲ್ಲ ಹಂಗ. ಎರಡು ಟೊಂಗಿ ಕೆಳಗ ಇಳದಳು. ಇನ್ನೊಂದು ಟೊಂಗಿ ಇಳದಿದ್ರ ಕೈಗೆ ಬರತಿದ್ದಳು, ಹಿಡಕೊಂಡುಬಿಡತಿದ್ದೆ, ಸುಳ್ಳು ಯಾಕ ಹೇಳಲಿ. ಅಷ್ಟರಾಗ ಯಾವುದೋ ಸಪ್ಪಳಕ್ಕ ಇಡೀ ಹಿಂಡು ಎದ್ದಿತು, ಅಕಿನೂ ಅದರ ಜೋಡಿ ಎದ್ದಳು. ಕತ್ತಲ ಆಗೂತನಕ ಕುಂತೆ. ಮರುದಿನ, ಅದರ ಮರುದಿನ ಹೋದೆ, ಓ ಬರಲಿಲ್ಲ.

ಬದುಕ್ಯಾಳ ಅಂತ ಆಮ್ಯಾಲ ಒಮ್ಮೆ ಗೊತ್ತಾತು. ದಸರಾ ಹೊತ್ತಿಗೆ ಗಿರಣ್ಯಾಗ ಹಿಟ್ಟು ಬೀಸಾಕ ಪಾಳಿ ಹಚ್ಚಿದ್ದೆ. ಬ್ಯಾರೆ ಓಣಿಯಾಕಿ ಒಬ್ಬಾಕಿ ಮತ್ತೊಬ್ಬಾಕಿಗೆ ಹೇಳಾಕತ್ತಿದ್ದಳು, ತಮ್ಮ ಹಿತ್ತಲದ ಗಿಡದಾಗ ಯಾವುದೋ ಮುದಕಿ ಪಿಶಾಚಿ ಐತಿ, ಹಾಲ ಉಕ್ಕಿತು ಅಂತ ಒದರತೈತಿ, ಓಡಿ ಹೋಗಿ ನೋಡಿದ್ರ ಖರೇನ ಉಕ್ಕಿತ್ತು ಅಂತ! ನಾನು ಡಬ್ಬಿ ಹಿಡಕೊಂಡು ಸುಮ್ಮನ ನಿಂತೆ. ನಮ್ಮ ಅತ್ತಿ ಅದು ಅಂತ ಹೆಂಗ ಹೇಳಲಿ.

ಮೈಸೂರಿಗೆ ಮಗಳ ಮನಿಗೆ ಹೋದಾಗ ಶುಕವನ ತೋರಿಸಿದ್ರು, ನಂಜನಗೂಡ ರಸ್ತೆದಾಗ. 2017ರಾಗ 468 ಜಾತಿ ಹಕ್ಕಿ ಒಂದ ಕಡೆ ಇಟ್ಟದ್ದಕ್ಕ ಗಿನ್ನೆಸ್ ದಾಖಲೆ ಆದ ಜಾಗಾ. ಗಾಯ ಆದ ಹಕ್ಕಿಗಳಿಗೆ ಆರೈಕೆನೂ ಮಾಡತಾರ. ಕೆಂಪು ನೀಲಿ ಹಳದಿ, ನಮ್ಮ ಹುಂಜದಷ್ಟು ಗಾತ್ರದ ಗಿಣಿಗಳು. ಮೊಮ್ಮಗಳು ಕುಣದಾಡಿದಳು. ನನಗ ಅಲ್ಲಿ ಭಾಳ ಹೊತ್ತು ನಿಂದ್ರಾಕ ಆಗಲಿಲ್ಲ, ಕಾಲು ನೋಯತಾವ ಅಂದೆ.

ಈಗ ವೈನಿಯವರಿಗೆ. ಮರಿ ಗಿಡದಾಗಿಂದ ಬಿದ್ದಿದ್ರ ಮೊದಲು ಅದ ಪೊಟರಿಗೆ ವಾಪಸ್ ಇಡಸ್ರಿ. ಪೊಟರಿ ಸಿಗದಿದ್ರ ಒಂದು ಬುಟ್ಟಿಯಾಗ ಅರಿವಿ ಹಾಸಿ ಅದ ಗಿಡಕ್ಕ ಎತ್ತರದಾಗ ಕಟ್ರಿ, ತಾಯಿ ತಂದಿ ಬಂದು ಉಣಸತಾವು. ಮನಿಶ್ಯಾರ ಕೈ ವಾಸನಿ ಹತ್ತಿದ್ರ ತಾಯಿ ಬಿಡತೈತಿ ಅನ್ನೂದು ಸುಳ್ಳು. ಆಗದಿದ್ರ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಹೇಳ್ರಿ, ನನ್ನಂಗ ಪಂಚಮಿ ದೀಪಾವಳಿ ಅಂತ ತಳ್ಳಬ್ಯಾಡ್ರಿ. ಯಾರರೆ ಮಾರಾಕ ತಂದಿದ್ರ, ರೊಕ್ಕ ಕೊಡಬ್ಯಾಡ್ರಿ. ಒಂದು ತಗೊಂಡ್ರ ಅವ ಇನ್ನೊಂದು ಹಿಡಕೊಂಡು ಬರತಾನ. ಮೊಮ್ಮಗನ್ನ ಸಂಜಿಮುಂದ ನಮ್ಮ ಮ್ಯಾಳಗಿ ಮ್ಯಾಲ ಕಳಸ್ರಿ. ಶೇಂಗಾ, ಸಜ್ಜಿ ತೆನಿ ಇಡತೀನಿ, ಏಳೆಂಟು ಗಿಣಿ ಬರತಾವು. ಬಾಲದ ಗರಿ ಮುರದದ್ದು ಯಾವುದೂ ಇಲ್ಲ. ಗರಿ ಮತ್ತ ಬೆಳದಿರಬೇಕು ಈ ಹೊತ್ತಿಗೆ.

ಪಂಜರ ಮೊನ್ನೆ ಗುಜರಿಯವಗ ಹಾಕಿದೆ. ಹಂಗ ಕೊಟ್ರ ಎಲ್ಲಿ ತಿರುಗಿ ಮಾರತಾನೋ ಅಂತ ಮೊದಲು ಒರಳಗಲ್ಲಿನ ಗುಂಡು ಎತ್ತಿಹಾಕಿ ಚಪ್ಪಟಿ ಮಾಡಿದೆ. ತೂಕ ಮಾಡಿ ಅರವತ್ತು ರೂಪಾಯಿ ಕೊಟ್ಟ. ಬಾಗಲ ಮಾತ್ರ ಕಳಚಿ ಇಟಗೊಂಡೀನಿ, ಚಿಲಕ ಇನ್ನಾ ಗಟ್ಟಿ ಐತಿ.